ಗೊಂಬೆಯ ಎದೆ, ನಮ್ಮೂರ ಎದೆ: ಎರಡು ದಿನದ ಹೃದಯ ತುರ್ತು ಆರೈಕೆ ತರಬೇತಿಯ ವಿಮರ್ಶೆ

ಉತ್ತರ ಕನ್ನಡ ಜಿಲ್ಲೆಯ ಅಂಕೋಲಾ ತಾಲೂಕಿನ ಕಡಲಂಚಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ, ಕಳೆದ ಚಳಿಗಾಲದ ಒಂದು ಶನಿವಾರ ಮತ್ತು ಭಾನುವಾರ ನಡೆದ ಹೃದಯ ತುರ್ತು ಆರೈಕೆಯ ತರಬೇತಿ ಶಿಬಿರಕ್ಕೆ 200 ರೂಪಾಯಿ ಕಟ್ಟಿ ಸೇರಿದ್ದ ನಲವತ್ತು ಚಿಲ್ಲರೆ ಮಂದಿಯಲ್ಲಿ ನಾನೂ ಒಬ್ಬಳು. ವೈದ್ಯಕೀಯ ವಿದ್ಯಾರ್ಥಿಗಳ ಒಂದು ತಂಡವೂ ಒಂದು ಸ್ವಯಂಸೇವಾ ಸಂಸ್ಥೆಯೂ ಸೇರಿ ಇದನ್ನು ನಡೆಸಿದ್ದವು. ಅವರು ಮುಂದೆಯೂ ಊರೂರಿಗೆ ಹೋಗಿ ಇದನ್ನೇ ಮಾಡುವವರಿರುವುದರಿಂದ ಮತ್ತು ನಾನು ಹೇಳಲಿರುವ ಕೊರತೆಗಳು ಅವರೊಬ್ಬರವೇ ಅಲ್ಲದಿರುವುದರಿಂದ ಹೆಸರುಗಳನ್ನು ಬರೆಯುವುದಿಲ್ಲ. ಮೊದಲ ದಿನ ಹೃದಯಾಘಾತವನ್ನು ಗುರುತಿಸುವುದು ಮತ್ತು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ತುಂಬುವುದು), ಎರಡನೆಯ ದಿನ ಊರವರಿಗೆ ಉಚಿತ ಇಸಿಜಿ, ರಕ್ತದೊತ್ತಡ, ಸಕ್ಕರೆ ತಪಾಸಣೆ ಮತ್ತು ಅದರಲ್ಲಿ ನಾವು ಕಲಿತವರು ಕೈಜೋಡಿಸುವುದು ಎಂಬ ಏರ್ಪಾಡು. ಶುಲ್ಕದಲ್ಲಿ ಊಟ, ಚಹಾ, ಒಂದು ಕೈಪಿಡಿ ಮತ್ತು ಪ್ರಮಾಣಪತ್ರ ಸೇರಿದ್ದವು.

ಈ ವಯಸ್ಸಿನಲ್ಲಿ ಬೆಂಚಿನ ಮೇಲೆ ಕುಳಿತು ಪಾಠ ಕೇಳುವ ಉಮೇದು ನನಗೆ ಬಂದದ್ದು ನಮ್ಮ ಅತ್ತಿಗೆಯ ಕಾರಣದಿಂದ. ನಾಲ್ಕು ವರ್ಷಗಳ ಹಿಂದೆ, ಅವರಿಗೆ 51 ತುಂಬಿದ್ದಾಗ, ಒಂದು ಸಂಜೆ ಬೆನ್ನಿನ ನಡುವೆ ಸೆಳೆತ ಶುರುವಾಯಿತು. ದವಡೆ ಜೋಮು ಹಿಡಿದಂತಾಯಿತು. ಬಾವಿಯಿಂದ ಒಂದು ಕೊಡ ನೀರು ತರುವಷ್ಟರಲ್ಲಿ ವಾಕರಿಕೆ ಬಂದು ಜಗಲಿಯಲ್ಲಿ ಕುಳಿತುಬಿಟ್ಟರು. ನಮ್ಮ ಕಡೆಯ ಪದ್ಧತಿಯಂತೆ ಮೊದಲು ಓಮದ ನೀರಾಯಿತು, ಆಮೇಲೆ ಜೀರಿಗೆ ಕಷಾಯವಾಯಿತು, ರಾತ್ರಿ ಎಂಟಕ್ಕೆ ಪೇಟೆಯ ಒಂದು ಖಾಸಗಿ ಚಿಕಿತ್ಸಾಲಯಕ್ಕೆ ಹೋದದ್ದಾಯಿತು. ಇಸಿಜಿ ಯಂತ್ರ ಅದೇ ಕೋಣೆಯ ಮೂಲೆಯಲ್ಲಿತ್ತು. ಅದನ್ನು ನಡೆಸುವವನು ಇಪ್ಪತ್ತೆರಡರ ಹುಡುಗ. ಅತ್ತಿಗೆ ಸೆರಗನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡದ್ದನ್ನು ನೋಡಿ ಅವನೂ ಮುಜುಗರಪಟ್ಟ. ವೈದ್ಯರು 'ಗ್ಯಾಸೇ ಇರಬೇಕು' ಎಂದು ಒಂದು ಚುಚ್ಚುಮದ್ದು ಕೊಟ್ಟು ಕಳುಹಿಸಿದರು. ಮರುದಿನ ಮಧ್ಯಾಹ್ನ ಮಣಿಪಾಲಕ್ಕೆ ಮುಟ್ಟುವಾಗ ಹೃದಯದ ಸ್ನಾಯುವಿಗೆ ಆಗಬೇಕಾದ ಹಾನಿ ಆಗಿಹೋಗಿತ್ತು. ಅತ್ತಿಗೆ ಬದುಕಿದ್ದಾರೆ, ಆದರೆ ಹೃದಯದ ಪಂಪಿಂಗ್ ಶೇಕಡಾ 35ರ ಆಸುಪಾಸಿನಲ್ಲಿದೆ, ಬಾವಿಯ ಕಡೆಗೆ ಅವರನ್ನು ನಾವು ಬಿಡುವುದಿಲ್ಲ. ಆ ಕೋಣೆಯಲ್ಲಿ ಯಾರೂ ದುಷ್ಟರಿರಲಿಲ್ಲ. ಯಂತ್ರವಿತ್ತು, ವಿದ್ಯುತ್ತಿತ್ತು, ವೈದ್ಯರಿದ್ದರು. ಹೆಂಗಸೊಬ್ಬಳ ಎದೆಯ ಮೇಲೆ ಇಸಿಜಿಯ ಆರು ಬಿಲ್ಲೆಗಳನ್ನು ಇಡುವ ರೀತಿಯನ್ನು ಮಾತ್ರ ಯಾರೂ ಯಾರಿಗೂ ಕಲಿಸಿರಲಿಲ್ಲ. ಈ ಶಿಬಿರವನ್ನು ನಾನು ಅಳೆದದ್ದು ಅದೇ ಮೊಳದಲ್ಲಿ.

ಮೊದಲು ಒಳ್ಳೆಯದನ್ನು ಹೇಳಬೇಕು, ಏಕೆಂದರೆ ಒಳ್ಳೆಯದು ಸಾಕಷ್ಟಿತ್ತು. ಹಿರಿಯ ವೈದ್ಯರೊಬ್ಬರು ಕರಿಹಲಗೆಯ ಮೇಲೆ ಒಂದು ಗೆರೆ ಎಳೆದು, ಅದರ ಮೇಲೆ ಗಡಿಯಾರದ ಮುಳ್ಳುಗಳಂತೆ ಗುರುತು ಹಾಕಿ, ಹೃದಯಾಘಾತದ ಲೆಕ್ಕವನ್ನು ಅರ್ಧ ಗಂಟೆಯಲ್ಲಿ ತಿಳಿಸಿದ ರೀತಿ ನಾನು ಶಿಕ್ಷಕಿಯಾಗಿ ಕಂಡ ಒಳ್ಳೆಯ ಪಾಠಗಳಲ್ಲಿ ಒಂದು. ಹೃದಯದ ರಕ್ತನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಪೂರ್ತಿ ಮುಚ್ಚಿಕೊಂಡಾಗ, ಅದು ಮುಚ್ಚಿರುವ ಪ್ರತಿ ನಿಮಿಷವೂ ಸ್ನಾಯು ಸಾಯುತ್ತಿರುತ್ತದೆ. ರೋಗಿ ಆಸ್ಪತ್ರೆಯ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಹೆಪ್ಪು ಕರಗಿಸುವ ಔಷಧ ಕೊಡುವುದಿದ್ದರೆ ಅದು ಅರ್ಧ ಗಂಟೆಯೊಳಗೆ ಒಳಗೆ ಹೋಗಬೇಕು. ನೋವು ಶುರುವಾಗಿ 12 ಗಂಟೆಯ ತನಕ ಅದನ್ನು ಕೊಡಬಹುದಾದರೂ ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟದ್ದಕ್ಕೆ ಇರುವ ಫಲ ಆಮೇಲಿನದಕ್ಕೆ ಇಲ್ಲ. ಔಷಧ ಕೊಟ್ಟ ಮೇಲೆ 3ರಿಂದ 24 ಗಂಟೆಗಳ ಒಳಗೆ ಆಂಜಿಯೋಗ್ರಾಂ ಮಾಡುವ ಕಡೆಗೆ ಸಾಗಿಸಬೇಕು. ಮೆದುಳಿನ ರಕ್ತಸ್ರಾವ ಆಗಿದ್ದವರಿಗೆ ಈ ಔಷಧ ಕೊಡಬಾರದೆಂಬುದನ್ನೂ ಅವರು ಮರೆಯದೆ ಹೇಳಿದರು.

ಈ ಲೆಕ್ಕವನ್ನು ನಮ್ಮ ಜಿಲ್ಲೆಯ ನಕ್ಷೆಯ ಮೇಲೆ ಇಟ್ಟು ನೋಡಿದಾಗ ಸಭೆ ತಣ್ಣಗಾಯಿತು. ಕಾರವಾರದಿಂದ ಮಣಿಪಾಲಕ್ಕೆ 200 ಕಿಲೋಮೀಟರಿಗೂ ಹೆಚ್ಚು. ಹುಬ್ಬಳ್ಳಿಗೆ ಹೋಗಬೇಕೆಂದರೆ ಅರಬೈಲು ಘಟ್ಟ ಹತ್ತಬೇಕು. ಗೋವಾಕ್ಕೆ ಹೋಗಬೇಕೆಂದರೆ ರಾಜ್ಯದ ಗಡಿ ದಾಟಬೇಕು. ಈ ದಾರಿಗಳ ಮೇಲೆ ಏನೇನಾಗಬಹುದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಹೆದ್ದಾರಿ 66ರ ಮೇಲೆ ಎರಡು ಶಿರೂರುಗಳಿವೆ. ಬೈಂದೂರು ತಾಲೂಕಿನ ಶಿರೂರಿನ ಟೋಲ್ ಗೇಟಿಗೆ 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಬಡಿದು ನಾಲ್ವರು ಸತ್ತರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಹಳೆಯ ಕೂಗು ಅದರ ಬೆನ್ನಿಗೇ ಬೀದಿಗೆ ಬಂದಿತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡವೇ ಹೆದ್ದಾರಿಯ ಮೇಲೆ ಜರಿದು ಕುಳಿತಿತು. ಮರು ತಿಂಗಳು ಕಾಳಿ ನದಿಯ ಹಳೆಯ ಸೇತುವೆ ಮುರಿದು ಬಿತ್ತು. ಹೀಗಾಗಿ 'ಬೇಗ ದೊಡ್ಡಾಸ್ಪತ್ರೆಗೆ ಒಯ್ಯಿರಿ' ಎಂಬ ನಗರದ ಸಲಹೆಯನ್ನು ಇಲ್ಲಿ ಹಾಗೆಯೇ ಹೇಳಿದರೆ ಅದು ಅರ್ಧ ಸಲಹೆ. ವೈದ್ಯರು ಅದನ್ನು ತಿದ್ದಿ, 'ಮೊದಲು ಹತ್ತಿರದ ತಾಲೂಕು ಆಸ್ಪತ್ರೆಗೆ, ಅಲ್ಲಿ ಇಸಿಜಿ, ಅಲ್ಲಿಯೇ ಔಷಧ, ಆಮೇಲೆ ದೂರದ ದಾರಿ' ಎಂದು ಮೂರು ಸಲ ಹೇಳಿಸಿದರು. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯ ತಿರುಳೂ ಇದೇ: ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂತಹ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಹೇಳುತ್ತಾರೆ, ಹೆಪ್ಪು ಕರಗಿಸುವ, ಹತ್ತಾರು ಸಾವಿರ ರೂಪಾಯಿ ಬೆಲೆಯ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲಿಯೇ ಉಚಿತವಾಗಿ ಕೊಡಲಾಗುತ್ತದೆ. ದೂರದ ಊರಿನವನಿಗೂ ಬೆಂಗಳೂರಿನವನಿಗೂ ನಡುವಿನ ಅಂತರವನ್ನು ರಸ್ತೆಯಿಂದ ಅಲ್ಲ, ಔಷಧದಿಂದ ಕಡಿಮೆ ಮಾಡುವ ಈ ಯೋಚನೆ ನನಗೆ ಬಹಳ ಹಿಡಿಸಿತು. ನೆರೆದವರಲ್ಲಿ ಐದಾರು ಮಂದಿಗೆ ಬಿಟ್ಟರೆ ಯಾರಿಗೂ ಅದರ ಹೆಸರು ಗೊತ್ತಿರಲಿಲ್ಲ. ಆ ಒಂದು ಮಾತಿಗೇ 200 ರೂಪಾಯಿ ಸಂದಿತು ಎನ್ನಬೇಕು.

ಮಧ್ಯಾಹ್ನದ ಮೇಲೆ ಗೊಂಬೆ ಬಂತು.

ಸಿಪಿಆರ್ ಕಲಿಸಲು ತಂದಿದ್ದ ಮೂರು ಗೊಂಬೆಗಳೂ ಒಂದೇ ಅಚ್ಚಿನವು: ತಲೆ, ಕುತ್ತಿಗೆ, ಸೊಂಟದ ತನಕದ ಮೈ, ತಿಳಿ ಗುಲಾಬಿ ಬಣ್ಣ, ಹಲಗೆಯಂತೆ ಚಪ್ಪಟೆಯಾದ ಗಂಡು ಎದೆ. ಎದೆಯ ನಡುವೆ ಸರಿಯಾಗಿ 5 ಸೆಂಟಿಮೀಟರು ಒತ್ತಿದರೆ ಒಳಗೆ 'ಟಕ್' ಎನ್ನುತ್ತದೆ. ಇಲ್ಲೊಂದು ಸಣ್ಣ ಕತೆ ಹೇಳಬೇಕು. ಈ ಬಗೆಯ ಗೊಂಬೆಗಳ ಮೂಲತಾಯಿ 'ಆ್ಯನ್' ಎಂಬ ಹೆಣ್ಣು. ನಾರ್ವೆಯ ಆಟಿಕೆ ತಯಾರಕ ಅಸ್ಮುಂಡ್ ಲಾರ್ಡಾಲ್ 1960ರಲ್ಲಿ ಅದನ್ನು ಮಾಡಿದಾಗ, ಪ್ಯಾರಿಸಿನ ಸೀನ್ ನದಿಯಲ್ಲಿ ಮುಳುಗಿ ಸತ್ತಳೆಂದು ಹೇಳಲಾಗುವ ಅನಾಮಿಕ ಹುಡುಗಿಯೊಬ್ಬಳ ಮುಖದ ಅಚ್ಚನ್ನು ಬಳಸಿದ. ಅಂದರೆ ಜಗತ್ತು ಉಸಿರು ತುಂಬಲು ಕಲಿತದ್ದು ಒಂದು ಹೆಣ್ಣು ಮುಖಕ್ಕೆ. ಆ ಮುಖದ ಕೆಳಗಿನ ಎದೆಯನ್ನು ಮಾತ್ರ ಚಪ್ಪಟೆಯಾಗಿಯೇ ಬಿಟ್ಟರು. ಅರವತ್ತು ವರ್ಷ ಕಳೆದರೂ ತರಬೇತಿಯ ಗೊಂಬೆಗಳಲ್ಲಿ ಸ್ತನವಿರುವುದು ಅಪರೂಪವೇ. ಇದರ ಬೆಲೆ ಏನೆಂಬುದಕ್ಕೆ ಅಮೆರಿಕದ ಒಂದು ಅಂಕಿಯಿದೆ: ಸಾರ್ವಜನಿಕ ಜಾಗದಲ್ಲಿ ಹೃದಯ ನಿಂತು ಬಿದ್ದ ಗಂಡಸರಲ್ಲಿ ಶೇಕಡಾ 45ರಷ್ಟು ಮಂದಿಗೆ ದಾರಿಹೋಕರು ಸಿಪಿಆರ್ ಮಾಡಿದರೆ, ಹೆಂಗಸರಲ್ಲಿ ಅದು ಶೇಕಡಾ 39. ಮೈ ಮುಟ್ಟಲು ಅಂಜಿಕೆ ಅಲ್ಲಿಯೂ ಇದೆ. ಇಲ್ಲಿ ಎಷ್ಟಿರಬಹುದೆಂದು ಅಂಕೋಲೆಯ ಬಸ್ ನಿಲ್ದಾಣವನ್ನು ಕಣ್ಣ ಮುಂದೆ ತಂದುಕೊಂಡರೆ ಸಾಕು.

ನಮ್ಮ ಬ್ಯಾಚಿನಲ್ಲಿದ್ದ ಗಂಡಸರೆಲ್ಲ ಗೊಂಬೆಯನ್ನು ನಿರಾಳವಾಗಿ ಒತ್ತಿದರು. ಆಮೇಲೆ ನಾನು ಒಂದು ಪ್ರಶ್ನೆ ಕೇಳಿದೆ: ಬಿದ್ದವಳು ಹೆಂಗಸಾದರೆ, ಸೀರೆ ಉಟ್ಟಿದ್ದರೆ, ಮಂಗಳಸೂತ್ರ ಇದ್ದರೆ, ಕೈ ಎಲ್ಲಿಡಬೇಕು, ಏನನ್ನು ತೆಗೆಯಬೇಕು, ಏನನ್ನು ತೆಗೆಯಬೇಕಾಗಿಲ್ಲ? ತರಬೇತಿ ಕೊಡುತ್ತಿದ್ದ ಹುಡುಗ ಒಳ್ಳೆಯವನು, ಆದರೆ ಕೆಂಪಾದ. 'ಅದೇ ಜಾಗ ಮೇಡಂ, ಸೇಮ್' ಎಂದು ಮುಂದೆ ಹೋದ. ಜಾಗ ಅದೇ ಎಂಬುದು ನಿಜ. ಎದೆಮೂಳೆಯ ಕೆಳ ಅರ್ಧ, ನಡುವೆ, ಎರಡು ಸ್ತನಗಳ ಮೇಲೆ ಅಲ್ಲ ಅವುಗಳ ಮಧ್ಯೆ. ಒತ್ತುವುದಕ್ಕೆ ರವಿಕೆ ಬಿಚ್ಚಬೇಕಾಗಿಯೇ ಇಲ್ಲ. ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಎಇಡಿ ಯಂತ್ರದ ಪಟ್ಟಿ ಅಂಟಿಸುವಾಗ ಮಾತ್ರ ಚರ್ಮ ಕಾಣಬೇಕು: ಒಂದು ಬಲ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡ ಕಂಕುಳಿನ ಕೆಳಗಿನ ಪಕ್ಕೆಗೆ, ಸ್ತನದ ಮೇಲೆ ಅಲ್ಲ. ಇಷ್ಟು ಹೇಳಲು ಎರಡು ನಿಮಿಷ ಬೇಕಿತ್ತು. ಎರಡು ನಿಮಿಷದ ಈ ಮಾತು ಕೈಪಿಡಿಯ 36 ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ, ಅದರ ಚಿತ್ರಗಳಲ್ಲಿ ಬಿದ್ದಿರುವವನು ಪ್ರತಿ ಸಲವೂ ಪ್ಯಾಂಟು ತೊಟ್ಟ ಗಂಡಸೇ.

ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕೆಂಬ ಗತಿಯನ್ನು ಹಿಡಿಸಲು ಅವರು ಮೊಬೈಲಿನಲ್ಲಿ ಒಂದು ಇಂಗ್ಲಿಷ್ ಹಾಡು ಹಾಕಿದರು. ಯುವಕರಿಗೆ ಹಿಡಿಯಿತು, ಹರಿಕಂತ್ರರ ಕೇರಿಯಿಂದ ಬಂದಿದ್ದ ಆರೇಳು ಹೆಂಗಸರಿಗೆ ಹಾಡೂ ಹಿಡಿಯಲಿಲ್ಲ, ಗತಿಯೂ ಹಿಡಿಯಲಿಲ್ಲ. ಆಗ ಹಿಂದಿನ ಬೆಂಚಿನ ಹಿರಿಯರೊಬ್ಬರು, ಸುಗ್ಗಿಯಲ್ಲಿ ಗುಮಟೆ ಬಾರಿಸುವವರು, ಮರದ ಡೆಸ್ಕಿನ ಮೇಲೆ ಎರಡು ಕೈಗಳಿಂದ ಗುಮಟೆಯ ಒಂದು ನಡೆ ನುಡಿಸತೊಡಗಿದರು. ವಿದ್ಯಾರ್ಥಿಯೊಬ್ಬ ಮೊಬೈಲಿನಲ್ಲಿ ಅಳೆದ: 112. ಮೀನಿನ ಬುಟ್ಟಿ ಹೊತ್ತು ಹದಗೊಂಡ ತೋಳುಗಳು ಆ ಪೆಟ್ಟಿಗೆ ಸರಿಯಾಗಿ ಗೊಂಬೆಯನ್ನು ಒತ್ತಿದವು, ಟಕ್, ಟಕ್, ಟಕ್, ಒಂದೂ ತಪ್ಪದೆ. ಇಡೀ ಶಿಬಿರದ ಅತ್ಯುತ್ತಮ ಹತ್ತು ನಿಮಿಷಗಳು ಅವು, ಮತ್ತು ಅವು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

ಎರಡನೆಯ ದಿನದ ತಪಾಸಣೆಗೆ ಬೆಳಿಗ್ಗೆ ಎಂಟಕ್ಕೇ ಸಾಲು ನಿಂತಿತ್ತು. ಇಸಿಜಿಯ ಮೇಜು ವಿಜ್ಞಾನ ಪ್ರಯೋಗಾಲಯದಲ್ಲಿ. ಪರದೆ ಇರಲಿಲ್ಲ, ಬಾಗಿಲಿಗೆ ಚಿಲಕವಿರಲಿಲ್ಲ, ಮೇಜಿನ ಪಕ್ಕದಲ್ಲಿ ನಿಂತಿದ್ದವರು ಇಬ್ಬರು ಗಂಡು ವಿದ್ಯಾರ್ಥಿಗಳು. ಸಾಲಿನಲ್ಲಿದ್ದ ಹೆಂಗಸರು ರಕ್ತದೊತ್ತಡ ನೋಡಿಸಿಕೊಂಡು ಇಸಿಜಿಯ ಬಾಗಿಲ ಬಳಿ ಒಂದು ಕ್ಷಣ ನಿಂತು, 'ನಮಗೆ ಅಡ್ಡಿಲ್ಲ, ಹುಷಾರಿದ್ದೇವೆ' ಎಂದು ಮನೆಯ ದಾರಿ ಹಿಡಿಯುತ್ತಿದ್ದರು. ಹತ್ತು ಗಂಟೆಯ ಹೊತ್ತಿಗೆ ದಾಖಲೆಯ ಪುಸ್ತಕ ನೋಡಿದೆ: 23 ಗಂಡಸರು, 2 ಹೆಂಗಸರು. ಸಂಜೆ ವರದಿ ಬರೆಯುವವರು ಇದನ್ನು 'ಮಹಿಳೆಯರಲ್ಲಿ ಅರಿವಿನ ಕೊರತೆ' ಎಂದು ಬರೆಯುತ್ತಿದ್ದರೋ ಏನೋ. ಕೊರತೆ ಇದ್ದದ್ದು ಒಂದು ಹಗ್ಗ ಮತ್ತು ಒಂದು ಸೀರೆಯದು. ಆಶಾ ಕಾರ್ಯಕರ್ತೆಯೊಬ್ಬರೂ ನಾನೂ ಸೇರಿ ಎರಡು ಕಿಟಕಿಗಳ ಸರಳಿಗೆ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟೆವು, ಒಳಗೆ ವಿದ್ಯಾರ್ಥಿನಿಯರನ್ನು ನಿಲ್ಲಿಸಿದೆವು. ಮಧ್ಯಾಹ್ನದೊಳಗೆ 31 ಹೆಂಗಸರ ಇಸಿಜಿ ಆಯಿತು.

ಅವರಲ್ಲಿ ಒಬ್ಬರು ಹಾಲಕ್ಕಿ ಸಮುದಾಯದ ಅಜ್ಜಿ. ಹಳೆಯ ರೀತಿಯಲ್ಲಿ ರವಿಕೆಯಿಲ್ಲದೆ ಸೀರೆ ಗಂಟು ಕಟ್ಟಿ ಉಟ್ಟವರು, ಕೊರಳಿನಿಂದ ಎದೆ ಮುಚ್ಚುವಷ್ಟು ಕರಿಮಣಿಯ, ಬಣ್ಣದ ಮಣಿಗಳ ಸರಗಳನ್ನು ಧರಿಸಿದವರು. ಬೆಂಗಳೂರಿನಲ್ಲಿ ಬೆಳೆದ ವಿದ್ಯಾರ್ಥಿನಿ ಒಂದು ಕ್ಷಣ ಬಿಲ್ಲೆಗಳನ್ನು ಕೈಯಲ್ಲಿ ಹಿಡಿದು ದಿಕ್ಕು ತೋಚದೆ ನಿಂತಳು, ಆಮೇಲೆ ವಿನಯದಿಂದಲೇ 'ಅಜ್ಜಿ, ಇದನ್ನೆಲ್ಲ ತೆಗೀಬೇಕಾಗುತ್ತೆ' ಎಂದಳು. ಅಜ್ಜಿ ಎದ್ದು ಕುಳಿತರು. ಆ ಸರಗಳು ಆಭರಣವಲ್ಲ, ಉಡುಪಿನ ಭಾಗ. ಬಿಚ್ಚು ಎನ್ನುವುದು ಸೀರೆ ಬಿಚ್ಚು ಎಂದಷ್ಟೇ ಒರಟು. ಆಗ ಇನ್ನೊಬ್ಬ ಹುಡುಗಿ ಮುಂದೆ ಬಂದಳು. ಕುಮಟಾ ಕಡೆಯ ಮೀನುಗಾರರ ಮನೆಯವಳು, ಹತ್ತನೆಯ ತರಗತಿಯ ತನಕ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವಳು ಎಂದು ಆಮೇಲೆ ತಿಳಿಯಿತು. ಅವಳು ಅಜ್ಜಿಯ ಊರು, ಮೊಮ್ಮಕ್ಕಳು, ಗದ್ದೆ ಎಲ್ಲವನ್ನೂ ನಮ್ಮ ಕಡಲ ಕಡೆಯ ಮಾತಿನಲ್ಲಿ ವಿಚಾರಿಸುತ್ತ, ಸರಗಳನ್ನು ಬಿಚ್ಚದೆ ಎರಡು ಕೈಗಳಿಂದ ಒಟ್ಟಾಗಿ ಎತ್ತಿ, ಹೆರಳನ್ನು ಸರಿಸಿದಂತೆ ಭುಜದ ಆಚೆಗೆ, ದಿಂಬಿನ ಮೇಲೆ ಇಟ್ಟಳು. ನಾಲ್ಕನೆಯ ಪಕ್ಕೆಲುಬಿನ ಸಂದನ್ನು ಬೆರಳಿನಿಂದ ಹುಡುಕಿ ಎದೆಮೂಳೆಯ ಎರಡೂ ಬದಿಗೆ ಮೊದಲ ಎರಡು ಬಿಲ್ಲೆ. ಉಳಿದವನ್ನು ಸ್ತನವನ್ನು ಅಂಗೈಯ ಹಿಂಬದಿಯಿಂದ ಮೆಲ್ಲನೆ ಮೇಲಕ್ಕೆತ್ತಿ ಅದರ ಕೆಳಗೆ. ಮೂರು ನಿಮಿಷವೂ ಆಗಲಿಲ್ಲ. ಕಾಗದ ಹೊರಬರುವಾಗ ಅಜ್ಜಿ ಸರಗಳನ್ನು ತಾವೇ ಸರಿಪಡಿಸಿಕೊಂಡು, ಎರಡು ವಾರದಿಂದ ಗದ್ದೆಯ ಏರಿ ಹತ್ತುವಾಗ ಎದೆ ಕಟ್ಟಿದಂತಾಗುತ್ತಿದೆ ಎಂಬುದನ್ನು, ಅಲ್ಲಿಯವರೆಗೆ ಯಾರಿಗೂ ಹೇಳದಿದ್ದುದನ್ನು, ಆ ಹುಡುಗಿಗೆ ಹೇಳಿದರು. ನೋವಿನ ಮಾತು ಬಿಲ್ಲೆಗಳ ಆಮೇಲೆ ಬಂತು ಎಂಬುದನ್ನು ನಾನು ಗುರುತು ಹಾಕಿಕೊಂಡೆ. ಅಜ್ಜಿಯನ್ನು ಅಂದೇ ಮುಂದಿನ ಪರೀಕ್ಷೆಗೆ ಕಳುಹಿಸಲಾಯಿತು.

ವೈದ್ಯಕೀಯ ಶಿಕ್ಷಣದಲ್ಲಿ ಎಲ್ಲ ಬಗೆಯ ಜನರೂ ಇರಬೇಕು ಎಂಬ ಮಾತನ್ನು ಅನೇಕರು ಔದಾರ್ಯದ ಮಾತಿನಂತೆ ಆಡುತ್ತಾರೆ. ಆ ಪ್ರಯೋಗಾಲಯದಲ್ಲಿ ಅದು ಕೌಶಲದ ಮಾತಾಗಿತ್ತು. ಊಟದ ವಿರಾಮದಲ್ಲಿ ಹಿರಿಯ ವೈದ್ಯರೊಡನೆ ಇದನ್ನು ಮಾತಾಡಿದಾಗ ಅವರು ಎರಡು ಅಧ್ಯಯನಗಳನ್ನು ಹೇಳಿದರು. ಒಂದು, ಫ್ಲೋರಿಡಾ ರಾಜ್ಯದ 1991ರಿಂದ 2010ರ ವರೆಗಿನ ಹೃದಯಾಘಾತದ ದಾಖಲೆಗಳ ಮೇಲೆ 2018ರಲ್ಲಿ ಪ್ರಕಟವಾದದ್ದು: ಗಂಡು ವೈದ್ಯರ ಕೈಯಲ್ಲಿ ಹೆಣ್ಣು ರೋಗಿಗಳು ಬದುಕುಳಿಯುವ ಪ್ರಮಾಣ ಕಡಿಮೆಯಿತ್ತು, ಆದರೆ ಯಾವ ತುರ್ತು ವಿಭಾಗದಲ್ಲಿ ವೈದ್ಯೆಯರು ಹೆಚ್ಚಿದ್ದರೋ ಅಲ್ಲಿ ಗಂಡು ವೈದ್ಯರ ಫಲಿತಾಂಶವೂ ಸುಧಾರಿಸಿತ್ತು. ಇನ್ನೊಂದು, ಕ್ಯಾಲಿಫೋರ್ನಿಯಾದ ಓಕ್ಲಂಡಿನಲ್ಲಿ ನಡೆದ ಪ್ರಯೋಗ: ಕಪ್ಪು ಜನಾಂಗದ ವೈದ್ಯರು ಎದುರಿಗಿದ್ದಾಗ ಕಪ್ಪು ಗಂಡಸರು ರಕ್ತ ತೆಗೆಯುವಂತಹ ತಪಾಸಣೆಗಳಿಗೆ ಹೆಚ್ಚಾಗಿ ಒಪ್ಪಿದರು, ಇದೇ ಎಲ್ಲೆಡೆ ಆದರೆ, ಹೃದಯರೋಗದಿಂದ ಸಾಯುವ ಕಪ್ಪು ಮತ್ತು ಬಿಳಿ ಗಂಡಸರ ನಡುವಿನ ಅಂತರದಲ್ಲಿ ಶೇಕಡಾ 19ರಷ್ಟು ಕಡಿಮೆಯಾದೀತು ಎಂಬುದು ಸಂಶೋಧಕರ ಅಂದಾಜು. ಅಮೆರಿಕದ ಲೆಕ್ಕವನ್ನು ಅಂಕೋಲೆಗೆ ಹೊಲಿಯಲು ಬರುವುದಿಲ್ಲ, ಆದರೆ ಸೀರೆಯ ಪರದೆಯ ಒಳಗೆ ನಾನು ಕಂಡದ್ದಕ್ಕೂ ಇದಕ್ಕೂ ಸಂಬಂಧವಿಲ್ಲವೆನ್ನಲು ಮನಸ್ಸು ಒಪ್ಪಲಿಲ್ಲ.

ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 150 ಸೀಟುಗಳೊಂದಿಗೆ 2016ರಲ್ಲಿ ಶುರುವಾದದ್ದು ನಮ್ಮ ಜಿಲ್ಲೆಯ ಮಟ್ಟಿಗೆ ದೊಡ್ಡ ಸಂಗತಿ. ನೀಟ್ ಪ್ರಶ್ನೆಪತ್ರಿಕೆ 2017ರಿಂದ ಕನ್ನಡದಲ್ಲಿಯೂ ಸಿಗುತ್ತದೆ; ಒಂದರಿಂದ ಹತ್ತನೆಯ ತರಗತಿಯ ತನಕ ಹಳ್ಳಿಯಲ್ಲಿ ಓದಿದವರಿಗೆ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲು ರಾಜ್ಯದ ಕೋಟಾದಲ್ಲಿದೆ. ನಮ್ಮ ಜಿಲ್ಲೆಯ, ಆಫ್ರಿಕಾ ಮೂಲದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಹಾಲಕ್ಕಿಗಳ ಅದೇ ಬೇಡಿಕೆ ಬಹಳ ಹಳೆಯದು. ಬಾಗಿಲುಗಳು ಕಾಗದದ ಮೇಲೆ ತೆರೆದೇ ಇವೆ. ಆದರೆ ನೀಟ್ ತರಬೇತಿಗೆ ಲಕ್ಷಗಟ್ಟಲೆ ಸುರಿದು ಮಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಎರಡು ವರ್ಷ ಮಕ್ಕಳನ್ನು ಇಡಲು ಆಗುವವರು ಯಾರೆಂದು, ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದ ನನಗೆ ತಿಳಿಯದೆ ಇಲ್ಲ. ಬಂದಿದ್ದ ಹದಿನಾರು ವಿದ್ಯಾರ್ಥಿಗಳಲ್ಲಿ ಜಿಲ್ಲೆಯವರು ಮೂವರು. ಉಳಿದವರ ಮೇಲೆ ನನಗೆ ದೂರಿಲ್ಲ. ಈಗಿನ ಪಠ್ಯಕ್ರಮದಲ್ಲಿ ಮೊದಲ ವರ್ಷವೇ ಸ್ಥಳೀಯ ಭಾಷೆಯ ಪರಿಚಯ ಉಂಟು, ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ವರ್ಷಗಟ್ಟಲೆ ಹೋಗಿಬರುವ ಕಾರ್ಯಕ್ರಮವೂ ಉಂಟು, ಅವರಲ್ಲಿ ಕೆಲವರು ಅದನ್ನು ಶ್ರದ್ಧೆಯಿಂದ ಮಾಡುತ್ತಿದ್ದಾರೆ. ಬಿಹಾರದ ಹುಡುಗನೊಬ್ಬ 'ಎದೆ ಉರಿ', 'ಎದೆ ಚುಚ್ಚು', 'ಎದೆ ಭಾರ' ಎಂಬ ಮೂರನ್ನೂ ಬೇರೆಬೇರೆಯಾಗಿ ಬರೆದುಕೊಂಡಿದ್ದ. ಅವನ ಪುಟದಲ್ಲಿ ಹೃದಯಕ್ಕೆ ಕೊಂಕಣಿಯಲ್ಲಿರುವ 'ಕಾಳಿಜ' ಎಂಬ ಶಬ್ದವೂ ಇತ್ತು. ಕಾರವಾರದಲ್ಲಿ ಕೆಲಸ ಮಾಡುವವನಿಗೆ ಅದು ಬೇಕೇಬೇಕು.

ಬೆರಳಿಗೆ ಸಿಕ್ಕಿಸುವ ಆಮ್ಲಜನಕ ಮಾಪಕದ ವಿಚಾರದಲ್ಲಿ ಶಿಬಿರಕ್ಕೆ ಪೂರ್ಣ ಅಂಕ. ಘಟ್ಟದ ಕಡೆಯಿಂದ ಬಂದಿದ್ದ ಸಿದ್ದಿ ಯುವಕನ ಬೆರಳಿನಲ್ಲಿ 96 ತೋರಿಸಿದಾಗ ವಿದ್ಯಾರ್ಥಿ 'ನಾರ್ಮಲ್' ಎಂದು ಬರೆಯಹೊರಟಿದ್ದ. ವೈದ್ಯರು ತಡೆದು, ಆ ಯಂತ್ರ ಚರ್ಮದ ಮೂಲಕ ಬೆಳಕು ಹಾಯಿಸಿ ಲೆಕ್ಕ ಹಾಕುತ್ತದೆ, ಗಾಢ ಬಣ್ಣದ ಚರ್ಮದಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದುಂಟು, ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಪ್ಪು ರೋಗಿಗಳ ಆಮ್ಲಜನಕದ ಕೊರತೆ ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಹೆಚ್ಚಾಗಿ ಯಂತ್ರದ ಕಣ್ಣಿಗೆ ತಪ್ಪಿತ್ತು ಎಂದು ತಿಳಿಸಿ, ಉಸಿರಿನ ಎಣಿಕೆಯನ್ನೂ ಬರೆಸಿದರು. ಸೊಂಟದ ಅಳತೆಯಲ್ಲಿಯೂ ನಮ್ಮವರಿಗೆ ಹೊಂದುವ ಗೆರೆಯನ್ನೇ, ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಎಂಬುದನ್ನೇ ಬಳಸಿದರು. ಹೃದಯರೋಗದ ಅಪಾಯವನ್ನು ಲೆಕ್ಕ ಹಾಕುವ ವಿದ್ಯೆ ಬೆಳೆದದ್ದು 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಂ ಊರಿನ, ಬಹುಪಾಲು ಬಿಳಿಯರೇ ಆಗಿದ್ದ ಐದು ಸಾವಿರದಷ್ಟು ಜನರ ಮೇಲೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ ಬಂದ ಮೇಲೆಯೇ, ದಕ್ಷಿಣ ಏಷ್ಯದವರಿಗೆ ಮೊದಲ ಹೃದಯಾಘಾತ ಸರಾಸರಿ 53ರ ವಯಸ್ಸಿಗೆ, ಉಳಿದವರಿಗಿಂತ ಸುಮಾರು ಆರು ವರ್ಷ ಮುಂಚೆ, ಆಗುತ್ತದೆ ಎಂದು ಸ್ಪಷ್ಟವಾದದ್ದು. ಅತ್ತಿಗೆಗೆ 51 ಆಗಿತ್ತು ಎಂದು ಮೊದಲೇ ಹೇಳಿದ್ದೇನೆ. 'ಈ ವಯಸ್ಸಿಗೆ ಹಾರ್ಟ್ ಎಲ್ಲಿಂದ' ಎಂದು ಆ ರಾತ್ರಿ ನಾವೇ ಹೇಳಿಕೊಂಡಿದ್ದೆವು.

ಒಂದು ದೊಡ್ಡ ಲೋಪವನ್ನು ಮಾತ್ರ ಕ್ಷಮಿಸಲಾರೆ. ಎರಡು ದಿನದಲ್ಲಿ ಸಂಧಿವಾತ ಜ್ವರದ ಹೃದಯರೋಗದ ಬಗ್ಗೆ ಒಂದು ಮಾತೂ ಬರಲಿಲ್ಲ. ಇಕ್ಕಟ್ಟಾದ ಮನೆಯ ಮಕ್ಕಳಿಗೆ ಗಂಟಲು ನೋವು ಬಂದು, ಸರಿಯಾದ ಚಿಕಿತ್ಸೆಯಿಲ್ಲದೆ ಅದು ಜ್ವರವಾಗಿ, ಕೀಲು ಬಾತು, ಕೊನೆಗೆ ಹೃದಯದ ಕವಾಟವನ್ನೇ ಕೆಡಿಸುವ ಈ ಕಾಯಿಲೆ ಬಡವರ ಹೃದಯರೋಗ. ಎಷ್ಟೋ ಹೆಣ್ಣುಮಕ್ಕಳಲ್ಲಿ ಅದು ಮೊದಲು ಕಾಣುವುದು ಬಸುರಿನಲ್ಲಿ ಉಸಿರು ಕಟ್ಟಿದಾಗ. ಮೂರು ನಾಲ್ಕು ವಾರಕ್ಕೊಮ್ಮೆ ಕೊಡುವ ಪೆನಿಸಿಲಿನ್ ಚುಚ್ಚುಮದ್ದು ಅದು ಮರುಕಳಿಸದಂತೆ ತಡೆಯುತ್ತದೆ. ಪ್ರೌಢಶಾಲೆಯ ಕಟ್ಟಡದಲ್ಲಿಯೇ ಕುಳಿತು, ಕೊಬ್ಬು ಮತ್ತು ಆಂಜಿಯೋಪ್ಲಾಸ್ಟಿಯ ಮಾತನ್ನು ಆರು ಗಂಟೆ ಆಡಿ, ಮಕ್ಕಳ ಗಂಟಲಿನ ಮಾತು ಆಡದೆ ಎದ್ದುಹೋದದ್ದು ಸರಿಯಲ್ಲ.

ಆಹಾರದ ಫಲಕದಲ್ಲಿ ಓಟ್ಸ್, ಆಲಿವ್ ಎಣ್ಣೆ, ಸಾಲ್ಮನ್ ಮೀನು ಇದ್ದವು. ಕೆಳಗೆ ನಮ್ಮ ಊಟದ ಎಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಂಗಡೆ ಸಾರು. ಬಂಗಡೆಯಲ್ಲಿಯೂ ತಾರ್ಲೆಯಲ್ಲಿಯೂ ಅದೇ ಒಮೇಗಾ-3 ಕೊಬ್ಬು ಧಾರಾಳವಾಗಿದೆ ಎಂದು ಹೇಳಿ, ಒಣಮೀನು ಮತ್ತು ಉಪ್ಪಿನಕಾಯಿಯ ಉಪ್ಪಿನ ಬಗ್ಗೆ ಎಚ್ಚರಿಸಿದ್ದರೆ ಸಾಕಿತ್ತು. ಊಟ ಮಾತ್ರ ಚೆನ್ನಾಗಿತ್ತು, ಸಸ್ಯಾಹಾರಿಗಳಿಗೆ ಅಪ್ಪೆಹುಳಿ ಬೇರೆ ಇತ್ತು. ಎಇಡಿಯ ತರಬೇತಿ ಯಂತ್ರ ಇಂಗ್ಲಿಷಿನಲ್ಲಿಯೇ ಆಜ್ಞೆ ಕೊಡುತ್ತದೆ; 'ರೋಗಿಯಿಂದ ದೂರ ನಿಲ್ಲಿ' ಎಂದು ಅದು ಕೂಗಿದಾಗ ಅರ್ಥವಾಗದ ಒಬ್ಬರು ಗೊಂಬೆಯ ಕೈ ಹಿಡಿದೇ ಇದ್ದರು. ನಿಜವಾದ ಯಂತ್ರವಾಗಿದ್ದರೆ ಅದು ನಗೆಯ ವಿಷಯವಾಗುತ್ತಿರಲಿಲ್ಲ.

ಸೇರಬೇಕೇ ಎಂದು ಕೇಳುವವರಿಗೆ: ಸೇರಿ. 200 ರೂಪಾಯಿಗೆ ಇಷ್ಟು ಕಲಿಸುವವರು ಈ ದಂಡೆಯಲ್ಲಿ ಬೇರೆ ಇಲ್ಲ. ಹೆಂಗಸರು ಗುಂಪಾಗಿ ಹೋಗಿ, ನಾಚದೆ ಪ್ರಶ್ನೆ ಕೇಳಿ, ಪರದೆಗೆ ಒಂದು ಹಳೆಯ ಸೀರೆ ಹಿಡಿದುಕೊಂಡು ಹೋಗಿ. ಹೃದಯ ಜ್ಯೋತಿಯ ಔಷಧ ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಇದೆಯೇ ಎಂಬುದನ್ನು ಹುಷಾರಾಗಿರುವಾಗಲೇ ಕೇಳಿ ಇಟ್ಟುಕೊಳ್ಳಿ.

ಭಾನುವಾರ ಸಂಜೆ ಸಾಮಾನು ಕಟ್ಟುವಾಗ ಸ್ವಸಹಾಯ ಸಂಘದ ದರ್ಜಿ ಹೆಂಗಸೊಬ್ಬರು ಅಳತೆಪಟ್ಟಿ ಹಿಡಿದು ಗೊಂಬೆಯ ಬಳಿ ಬಂದರು. ವಿದ್ಯಾರ್ಥಿಗಳು ನಕ್ಕರು, ಅವರು ನಗಲಿಲ್ಲ. ಸುತ್ತಳತೆ ಬರೆದುಕೊಂಡು ಮನೆಗೆ ಹೋದವರು ಒಂದೂವರೆ ಗಂಟೆಯಲ್ಲಿ ಬೂರುಗದ ಹತ್ತಿ ತುಂಬಿದ ಒಂದು ಎದೆಕವಚ, ಅದರ ಮೇಲೆ ತೊಡಿಸಲು ಮುಂದೆ ಹುಕ್ಕಿರುವ ನೀಲಿ ರವಿಕೆ, ಜೊತೆಗೆ ತಮ್ಮ ಮಗಳು ಪೋಣಿಸಿದ ಕರಿಮಣಿಯ ಎರಡು ಸರ ತಂದರು. ಮೊದಲ ದಿನ ಕೆಂಪಾಗಿದ್ದ ಆ ಹುಡುಗ ಅದನ್ನು ತೊಡಿಸಿ, ಹುಕ್ಕು ಬಿಚ್ಚದೆಯೇ ನಡುವೆ ಕೈಯಿಟ್ಟು ಒತ್ತಿ ನೋಡಿದ. ಹತ್ತಿಯ ಅಡಿಯಿಂದ ಟಕ್ ಎಂದಿತು. ಮುಂದಿನ ಶಿಬಿರ ಹಳಿಯಾಳದಲ್ಲಂತೆ. ಗೊಂಬೆ ರವಿಕೆಯಲ್ಲಿಯೇ ಟೆಂಪೋ ಹತ್ತಿತು.